ಸಪ್ಪೆ ಮಾತ್ರೆಯ ಜಗಳ

ಅಮ್ಮನಿಗೆ ಪಾರ್ಕಿನ್ಸನ್ ಬಂದು ಬಲಗೈ ನಡುಗತೊಡಗಿದಾಗ ಅತ್ತವಳು ನಾನು, ನಕ್ಕವಳು ಅವಳು. ದಿಬ್ಬೂರಹಳ್ಳಿಯ ನಮ್ಮ ಹುಳದ ಮನೆಯಲ್ಲಿ ರೇಷ್ಮೆ ಹುಳಗಳಿಗೆ ಸೊಪ್ಪು ಉದುರಿಸುತ್ತ, "ನೋಡೇ, ಕೈ ತಾನೇ ಜರಡಿ ಆಡ್ತದೆ. ತಟ್ಟೆ ತುಂಬ ಒಂದೇ ಸಮ ಬೀಳ್ತದೆ" ಎನ್ನುತ್ತಿದ್ದಳು. ನನಗೆ ರೇಗುತ್ತಿತ್ತು. ಮೊದಲೇ ಕೋಪ ಮೂಗಿನ ತುದಿಯಲ್ಲೇ ಇರುವವಳು ನಾನು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ಹೇಳಿ ಗಂಟಲೂ ದೊಡ್ಡದು.

ಕಳೆದ ವರ್ಷ ಚಿಕ್ಕಬಳ್ಳಾಪುರದ ನರರೋಗದ ಡಾಕ್ಟರು ಒಂದು ಹೊಸ ವಿಷಯ ಹೇಳಿದರು. ಮೆದುಳಿನಲ್ಲಿ ಕಾವಲು ಕಾಯುವ ಜೀವಕೋಶಗಳಿವೆಯಂತೆ. ಈ ಕಾಯಿಲೆಯಲ್ಲಿ ಅವು ಕೆರಳಿದರೆ ತಣ್ಣಗಾಗುವುದೇ ಇಲ್ಲವಂತೆ.

"ಥೇಟು ನಿನ್ನ ಹಂಗೆ ಕಣೇ" ಎಂದು ಅಮ್ಮ ನನ್ನತ್ತ ನೋಡಿದಳು.

ಆ ಕೆರಳಿಕೆಯಿಂದಾಗುವ ಉರಿಯೂತ ಒಳ್ಳೆಯ ಕೋಶಗಳನ್ನೂ ಹಾಳು ಮಾಡುತ್ತದೆಯಂತೆ. ಈಗಿನ ಮಾತ್ರೆಗಳು ನಡುಕವನ್ನು ಹಿಡಿತದಲ್ಲಿಡುತ್ತವೆ, ಅಷ್ಟೇ. ಉರಿಯೂತವನ್ನೇ ತಗ್ಗಿಸಿದರೆ ಕಾಯಿಲೆ ನಿಧಾನವಾದೀತೇ ಎಂದು ಒಂದು ಔಷಧಿಯ ಪರೀಕ್ಷೆ ನಡೆಯುತ್ತಿದೆ, ಏನೂ ಖಾತ್ರಿಯಿಲ್ಲ, ಮನಸ್ಸಿದ್ದರೆ ಸೇರಬಹುದು ಎಂದರು ಡಾಕ್ಟರು. ತಿಂಗಳಿಗೊಮ್ಮೆ ಕರೆತರಲು ಮನೆಯವರೊಬ್ಬರು ಒಪ್ಪಬೇಕು. ಅಂದರೆ ನಾನು ಒಪ್ಪಬೇಕು.

ಬಸ್ಸಿನಲ್ಲಿ ಅಮ್ಮ ಉರಿಯೂತ ಎಂದರೇನು ಎಂದಳು. ಉರಿ, ಊತ ಎರಡೂ ಸೇರಿ ಉರಿಯೂತ ಎಂದು ಟೀಚರ್ ಗತ್ತಿನಲ್ಲಿ ಪದ ಬಿಡಿಸಿದೆ. ತಪ್ಪಾಯಿತು. ಮರುದಿನ ನೋಡಿದರೆ ನೆತ್ತಿಗೆ ಹರಳೆಣ್ಣೆ ಮೆತ್ತಿಕೊಂಡು ಚೊಂಬು ಮಜ್ಜಿಗೆ ಹಿಡಿದು ಕೂತಿದ್ದಾಳೆ! "ತಲೇಲಿ ಉರಿ ಅಂದ್ಮೇಲೆ ತಂಪು ಮಾಡ್ಬೇಕಲ್ಲಮ್ಮ?" ಕಿವಿಯ ಮೇಲೆಲ್ಲ ಇಳಿಯುತ್ತಿದ್ದ ಎಣ್ಣೆ ಒರೆಸುತ್ತ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಜಗಳ ಹತ್ತಿದ್ದು ಸಪ್ಪೆ ಮಾತ್ರೆಗೆ. ಆ ಪರೀಕ್ಷೆಯಲ್ಲಿ ಹಳೆಯ ಮಾತ್ರೆ ಎಲ್ಲರಿಗೂ ಮುಂದುವರಿಯುತ್ತದೆ. ಅದರ ಜೊತೆಗೆ ಅರ್ಧ ಜನಕ್ಕೆ ಹೊಸ ಔಷಧಿ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

"ನಮ್ಮಮ್ಮನಿಗೆ ಸಪ್ಪೆ ಮಾತ್ರೆ ನುಂಗ್ಸೋಕೆ ನಾನು ರಜಾ ಹಾಕಿ ಅಲೀಬೇಕಾ? ಆಗಲ್ಲ!" ಎಂದು ಕೂಗಾಡಿದೆ.

ಅಮ್ಮ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ರೇಷ್ಮೆ ಇಲಾಖೆಯೋರು ಹುಳಕ್ಕೆ ಹೊಸ ಪುಡಿ ಕೊಟ್ಟಾಗ ಏನ್ ಮಾಡಿದ್ವಿ? ಅರ್ಧ ತಟ್ಟೆಗೆ ಹಾಕಿದ್ವಿ, ಅರ್ಧ ಹಂಗೇ ಬಿಟ್ವಿ. ಎಲ್ಲಕ್ಕೂ ಹಾಕಿದ್ರೆ ಪುಡಿಯಿಂದ ಚೆನ್ನಾಗಾಯ್ತೋ, ಸೊಪ್ಪಿಂದ ಚೆನ್ನಾಗಾಯ್ತೋ ಹೆಂಗೇ ಗೊತ್ತಾಗ್ತದೆ?"

"ಅವು ಹುಳ ಕಣಮ್ಮ! ನೀನು ನಮ್ಮಮ್ಮ!"

ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಮ್ಮನನ್ನು ಕಳೆದುಕೊಳ್ಳುವ ಭಯವೇ ನನ್ನ ಬಾಯಲ್ಲಿ ಸಿಟ್ಟಾಗಿ ಬರುತ್ತಿತ್ತು. ಅಮ್ಮ ಸೆರಗಿನಿಂದ ನನ್ನ ಮೂಗು ಒರೆಸಿ, "ಥೂ, ಎಷ್ಟು ಗೊಣ್ಣೆ! ಇವಳು ಮಕ್ಕಳಿಗೆ ಪಾಠ ಮಾಡ್ತಾಳಂತೆ" ಎಂದಳು.

ಅಮ್ಮನ ಹಟಕ್ಕೆ ಹದಿನೈದು ದಿನ ಬಿಟ್ಟು ಮತ್ತೆ ಡಾಕ್ಟರ ಮುಂದೆ ಕೂತೆವು. ಈ ಔಷಧಿ ಮಾಮೂಲಿ ಅಂಗಡಿಯಲ್ಲಿ ಯಾವಾಗ ಸಿಗುತ್ತದೆ ಎಂದು ಅಮ್ಮ ಕೇಳಿದಳು.

"ಗುಣ ಕಂಡ್ರೂ ಎಷ್ಟೋ ವರ್ಷ ಬೇಕಮ್ಮ. ನಿಮ್ಮ ಕಾಲಕ್ಕೆ ಸಿಗದೇನೇ ಇರಬಹುದು" ಎಂದರು ಡಾಕ್ಟರು, ಮುಚ್ಚುಮರೆಯಿಲ್ಲದೆ.

ನಾನು ಕುರ್ಚಿ ಸರಿಸಿ ಎದ್ದೆ. "ಕೇಳಿಸ್ಕೊಂಡ್ಯಾ? ನಡಿ, ಹೋಗಣ."

ಅಮ್ಮ ಏಳಲಿಲ್ಲ. "ನನಗೆ ಸಿಗೋದು ಬೇಡ ಡಾಕ್ಟ್ರೇ. ಇವಳಿಗೂ ನನ್ನ ವಯಸ್ಸಾಗ್ತದಲ್ಲ. ಈ ಕಾಯಿಲೆ ಬರ್ದೇ ಇರ್ಲಿ. ಅಕಸ್ಮಾತ್ ಬಂದ್ರೆ, ಆವಾಗ ಹೆದರ್ಕೊಂಡು ಹಿಂಗೆ ಕೂಗಾಡ್ತಾಳೆ, ಸಮಾಧಾನ ಮಾಡೋಕೆ ನಾನಿರಲ್ಲ. ಮಾತ್ರೆನಾದ್ರೂ ಇರ್ಲಿ. ಎಲ್ಲಿ ಸೈನ್ ಹಾಕ್ಬೇಕು, ತೋರ್ಸಿ."

ನಾನು ಕೂತೆ. ಈ ಕಾಯಿಲೆಯಿಂದ ಅಮ್ಮನ ಕೈಬರಹ ಈಗ ಸಾಸಿವೆಯಷ್ಟು ಚಿಕ್ಕದು. ಹೆಸರು ಬರೆಯಲು ಬಹಳ ಹೊತ್ತು ಹಿಡಿಯಿತು. ಪ್ರತಿ ತಿಂಗಳು ಯಾರು ಕರೆತರುತ್ತೀರಿ ಎಂದು ಡಾಕ್ಟರು ಕೇಳಿದರು.

"ನಾನೇ" ಎಂದೆ. ನನ್ನ ಗಂಟಲಿನಿಂದ ಅಷ್ಟು ಮೆಲ್ಲಗೆ ಮಾತು ಹೊರಟಿದ್ದು ಅದೇ ಮೊದಲು.