ಪ್ರಾಂಪ್ಟರ್ ಬೇಡವೆಂದ ಯಂತ್ರ

ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಆ ಮನುಷ್ಯನನ್ನು ಬೀದಿಯವರೆಲ್ಲ ನಾಳೆಯಪ್ಪ ಎನ್ನುತ್ತಿದ್ದರು. ರಿಪೇರಿ ಯಾವಾಗ ಎಂದು ಕೇಳಿದರೆ ನಾಳೆ. ಬರೆದು ಆಡುವ ನಾಟಕಗಳೋ, ಇನ್ನೂರು ವರ್ಷದಾಚೆಯ ನಾಳೆ. ಆ ಹೆಸರಿಟ್ಟವನು ತಾನೇ ಎಂದು ಅವನು ಹೇಳಿಕೊಳ್ಳುತ್ತಿದ್ದ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ಅರ್ಧ ಮಾನವಾದರೂ ಉಳಿಯುತ್ತದೆ ಎಂಬುದು ಅವನ ಲೆಕ್ಕ.

ಅದೇ ಬೀದಿಯ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯ ಕೋಣೆಯೇ ಅವನ ನಾಟಕ ತಂಡದ ರಂಗಮಂದಿರ. ಪ್ಲಾಸ್ಟಿಕ್ ಕುರ್ಚಿಗಳು, ಎರಡು ದೀಪ, ಕೆಟ್ಟ ಗೀಸರಿನ ತಗಡಿನಿಂದ ಮಾಡಿದ ಅಂತರಿಕ್ಷ ನೌಕೆ. ನೋಡಲು ಬರುವವರು ನಟರ ನೆಂಟರೇ. ಅವನ ಹೆಂಡತಿ ಒಂದು ನಾಟಕವನ್ನೂ ತಪ್ಪಿಸಿದವಳಲ್ಲ, ಒಂದನ್ನೂ ಪೂರ್ತಿ ನೋಡಿದವಳೂ ಅಲ್ಲ. ನೌಕೆ ಮಂಗಳ ಗ್ರಹ ಮುಟ್ಟುವಷ್ಟರಲ್ಲಿ ಅವಳಿಗೆ ತೂಕಡಿಕೆ. "ನನ್ನ ನಾಟಕದಿಂದ ಉಪಯೋಗ ಇಲ್ಲ ಅನ್ಬೇಡಿ, ನಮ್ಮನೆಯವಳಿಗೆ ನಿದ್ರೆ ಮಾತ್ರೆ ಬೇಕಾಗಿಲ್ಲ" ಎಂದು ಗೆಳೆಯರ ಮುಂದೆ ನಗುತ್ತಿದ್ದ. ಒಳಗೊಳಗೇ ಮಾತ್ರ ನೋವು. ಊರೆಲ್ಲ ಮಲಗಿಕೊಳ್ಳಲಿ, ಅವಳೊಬ್ಬಳು ಕೊನೆತನಕ ಎಚ್ಚರವಿದ್ದು ನೋಡಿದರೆ ಸಾಕೆಂಬ ಆಸೆ.

ಅದಕ್ಕೆಂದೇ ಈ ಸಲ ಸಂಸಾರದ ಕಥೆ ಬರೆದ. ಮುಂದಿನ ಕಾಲದ ಹೆಂಗಸೊಬ್ಬಳು ಅಂಗಡಿಯಿಂದ ಯಂತ್ರದ ಗಂಡನನ್ನು ತರಿಸಿಕೊಳ್ಳುತ್ತಾಳೆ. ಯಂತ್ರ ಇವನೇ. ಮನುಕುಲದ ಗತಿಯ ಬಗ್ಗೆ ಅದಕ್ಕೊಂದು ಮಾರುದ್ದದ ಭಾಷಣ. ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಪ್ರಾಂಪ್ಟರನ್ನು, "ಯಂತ್ರ ಎಲ್ಲಾದ್ರೂ ಮರೆಯುತ್ತೇನಯ್ಯಾ?" ಎಂದು ಪ್ರೇಕ್ಷಕರ ಸಾಲಿಗೆ ಅಟ್ಟಿಬಿಟ್ಟ.

ಆಟದ ದಿನ ತಗಡು ತೊಟ್ಟು, ಪೆಟ್ಟಿಗೆಯಿಂದ ಹೊರಬಂದು, ಕೈ ಎತ್ತಿ, ಬಾಯಿ ತೆರೆದ. ಭಾಷಣ ಮಾಯ! ಮೊದಲ ಪದವೂ ನೆನಪಿಲ್ಲ. ಹೆಂಡತಿಯ ಪಾತ್ರದಲ್ಲಿದ್ದ ದರ್ಜಿಯಮ್ಮ ಕಾದು ನೋಡಿದಳು. ಆಟ ಕೆಡಬಾರದೆಂದು ತನ್ನ ಸ್ವಂತ ಪಾಡನ್ನೇ ಶುರು ಮಾಡಿದಳು: ಸೂಜಿಗೆ ದಾರ ಪೋಣಿಸಲಾಗದ ಕಣ್ಣು, ನೆಟ್ಟಗಾಗದ ಸೊಂಟ, ಫೋನ್ ಎತ್ತದ ಮಗಳು. ಯಂತ್ರಕ್ಕೆ ತಲೆಯಾಡಿಸುವುದೊಂದೇ ದಾರಿ. ಪರದೆ ಬೀಳುವವರೆಗೂ ಆಡಿಸಿತು. ಪರದೆ ಇಳಿಯುವ ಮುನ್ನ ತಗಡಿನ ಕಿಂಡಿಯಿಂದ ನೋಡುತ್ತಾನೆ, ಅವನ ಹೆಂಡತಿ ಕುರ್ಚಿಯ ಅಂಚಿಗೆ ಬಂದು ಕಣ್ಣರಳಿಸಿ ಕೂತಿದ್ದಾಳೆ.

ಮನೆಗೆ ನಡೆಯುವಾಗ ತಡೆಯಲಾಗದೆ ಕೇಳಿದ, "ಹೇಗಿತ್ತೇ?"

"ಏನಂದ್ರಿ?"

"ನಾಟಕ! ನಾಟಕ ಹೇಗಿತ್ತು?"

"ಆ ಯಂತ್ರ ಚೆನ್ನಾಗಿತ್ತು ರೀ. ಅವಳು ಹೇಳಿ ಮುಗಿಸೋ ತನಕ ಮಧ್ಯೆ ಬಾಯಿ ಹಾಕ್ಲಿಲ್ಲ."

ಮಾತು ಮರೆತದ್ದನ್ನು ಹೇಳಿ ಅವಳನ್ನು ನಗಿಸಬೇಕೆನ್ನಿಸಿತು. ಒಳ್ಳೆಯ ತಮಾಷೆಯೊಂದು ನಾಲಿಗೆ ತುದಿಗೇ ಬಂದಿತ್ತು. ಅದೇನನ್ನಿಸಿತೋ, ನುಂಗಿಕೊಂಡ.

ಬೀದಿಯ ತಿರುವಿನಲ್ಲಿ ಅವಳು ಹೆಜ್ಜೆ ನಿಧಾನ ಮಾಡಿದಳು. ಆಮೇಲೆ, "ಎಡಗಿವಿ ಕೇಳ್ತಾ ಇಲ್ಲ ರೀ, ತುಂಬಾ ದಿನ ಆಯ್ತು" ಎಂದಳು. "ಹೇಳೋಣ ಅಂತ ಬಂದಾಗೆಲ್ಲ ನೀವು ಏನಾದ್ರೂ ತಮಾಷೆ ಮಾಡ್ತಿದ್ರಿ."

ನಾಳೆಯಪ್ಪನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಅವಳ ಎಡಗಡೆ ನಡೆಯುತ್ತಿದ್ದವನು ಸುತ್ತಿ ಬಲಗಡೆಗೆ ಬಂದ.

"ಇನ್ನೇನೇನಿದೆ, ಹೇಳು" ಎಂದ.