ಪುಸ್ತಕದೊಳಗಿನ ಬೋಳುತಲೆಯವ

"ಅಜ್ಜಿ, ಕತ್ತಿಗೆ ಹಚ್ಚಾಕ ಎಣ್ಣಿ ಕೊಡು" ಅಂತ ಮೊಮ್ಮಗಳು ವಾಣಿ ಮೊನ್ನೆ ಅಡುಗೆಮನೆಗೆ ಬಂದಳು. ತರಕಾರಿ ಹೆಚ್ಚುವ ಚಾಕು ಅಲ್ಲ. ನೆಲಕ್ಕೆ ಊರಿದರೆ ನನ್ನ ಎದೆಯ ಮಟ್ಟಕ್ಕೆ ಬರುವ, ಎರಡು ಕೈಯಲ್ಲಿ ಹಿಡಿಯುವ, ಹರಿತವಿಲ್ಲದ ಕತ್ತಿ. ಯುರೋಪಿನವರು ಐನೂರು ಆರುನೂರು ವರ್ಷದ ಹಿಂದೆ ಹೇಗೆ ಹೊಡೆದಾಡುತ್ತಿದ್ದರು ಅನ್ನುವುದನ್ನು ಈಗಿನವರು ಹಳೇ ಪುಸ್ತಕ ತೆಗೆದು, ಚಿತ್ರ ನೋಡಿ ಮತ್ತೆ ಕಲಿಯುತ್ತಾರಂತೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮಾಳಿಗೆಯ ಮೇಲೆ ಇವಳೂ ದಿನಾ ಸಂಜೆ ಫೋನನ್ನು ಗೋಡೆಗೆ ಒರಗಿಸಿಕೊಂಡು ಅದನ್ನೇ ಮಾಡುತ್ತಾಳೆ. ಅವಳಪ್ಪನಿಗೆ ಇದು ಹುಚ್ಚು. ನನಗೆ ಹುಚ್ಚು ಅನಿಸಿರಲಿಲ್ಲ. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಅವಳು ಶೇಂಗಾ ಎಣ್ಣೆಯ ಡಬ್ಬಿಗೆ ಕೈ ಹಾಕಿದಳು. "ಅದು ಬ್ಯಾಡ, ಎರಡು ದಿನಕ್ಕ ಅಂಟಂಟ ಆಕ್ಕೈತಿ. ಹೊಲಿಗಿ ಮಷೀನಿನ ಎಣ್ಣಿ ತಗೋ" ಅಂದೆ. ಅವಳು ನಿಂತು ನನ್ನ ಮುಖ ನೋಡಿದಳು.

"ನಿನಗ ಹೆಂಗ ಗೊತ್ತು?"

"ಮುದುಕಿ ಅದೀನಿ, ಗೊತ್ತಿರತೈತಿ. ಹೋಗು."

ಅವಳನ್ನು ಕಳಿಸಿಬಿಟ್ಟೆ. ಆದರೆ ಆ ಎಣ್ಣೆಯ ವಾಸನೆ ಮೂಗಿಗೆ ಬಂದಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ. ಕೆಲಸವಿದ್ದರೆ ಮುಗಿಸಿಕೊಂಡು ಬನ್ನಿ, ನನ್ನದು ಸುತ್ತಿ ಬಳಸಿ ಹೋಗುವ ಮಾತು.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ತವರು ರೂಪನಗುಡಿ. ಅಲ್ಲಿ ನಮಗೆ ಅನ್ನ ಅಂದರೆ ಹಬ್ಬ, ಉಳಿದ ದಿನ ಜೋಳದ ರೊಟ್ಟಿ. ಸಿರುಗುಪ್ಪಕ್ಕೆ ಸೊಸೆಯಾಗಿ ಹೋದರೆ ಅಲ್ಲಿ ಕಾಲುವೆ ನೀರು, ಕಣ್ಣಿಗೆ ಬಿದ್ದಲ್ಲೆಲ್ಲ ನೆಲ್ಲು. ನಮ್ಮ ಮನೆಯವರು ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದರು. ಎರಡು ಹೊತ್ತು ಅನ್ನ ತಿಂದು ಮೊದಲ ವರ್ಷವೇ ನನ್ನ ಕುಪ್ಪಸಗಳೆಲ್ಲ ಬಿಗಿಯಾದವು. ಅತ್ತೆ ಹೊಲಿಗೆ ಬಿಚ್ಚಿಕೊಡುತ್ತ, "ಇನ್ನೊಂದು ವರ್ಷ ಹಿಂಗs ತಿಂದ್ರ ಬಾಗಿಲಾ ಬಿಚ್ಚಬೇಕಾಕ್ಕೈತಿ" ಅಂದಿದ್ದರು. ಅತ್ತೆಯ ಬಾಯಿ ಹಾಗೆ. ನನ್ನದೂ ಹಾಗೇ ಆದ್ದರಿಂದ ನಮಗೆ ಹೊಂದಿಕೆಯಾಯಿತು.

ನಮ್ಮ ಮನೆಯವರಿಗೆ ಮಿಲ್ಲು ಬಿಟ್ಟರೆ ಗರಡಿ. ಬೆಳಿಗ್ಗೆ ಎದ್ದು ಹೋಗಿ ಕೆಮ್ಮಣ್ಣು ಮೆತ್ತಿಕೊಂಡು ಬರುವರು. ಗರಡಿಯ ಗುರು ಮಸ್ತಾನ್ ಸಾಬ್ ವಸ್ತಾದರು, ಕೋಲು ತಿರುಗಿಸುವುದರಲ್ಲಿ ದೊಡ್ಡ ಹೆಸರು. ಅವರಿಗೆ ವಯಸ್ಸಾಗಿತ್ತು, ತಮ್ಮ ಕೋಲನ್ನು ಯಾರ ಕೈಗಾದರೂ ಕೊಟ್ಟು ಕೂರಬೇಕಿತ್ತು. ಅದು ತನ್ನ ಕೈಗೇ ಬರಬೇಕು ಅಂತ ನಮ್ಮವರ ಆಸೆ. ಅನ್ನ ಕಲಸುವಾಗಲೂ ಅದೇ ಮಾತು.

ಹೀಗಿರುವಾಗ ಒಂದು ಸಲ ಮಷೀನಿನ ಬೆಲ್ಟು ತರಲು ಬಳ್ಳಾರಿಗೆ ಹೋದವರು ಮಿರ್ಚಿ ಕಟ್ಟಿಸಿಕೊಂಡು ಬಂದರು. ಮಿರ್ಚಿ ತಣ್ಣಗಾಗಿತ್ತು, ಅದು ಬೇರೆ ಮಾತು. ಕಟ್ಟಿದ ಕಾಗದದಲ್ಲಿ ಒಂದು ಚಿತ್ರವಿತ್ತು. ಇಬ್ಬರು ಬಿಳಿಯರು, ಕುಂಬಳಕಾಯಿಯಂಥ ಚಡ್ಡಿ, ಕಾಲಿಗೆ ಬಿಗಿಯಾದ ಚೀಲ. ಒಬ್ಬನ ಟೋಪಿಯಲ್ಲಿ ಪುಕ್ಕ, ಇನ್ನೊಬ್ಬನ ತಲೆ ಬೋಳು. ಟೋಪಿಯವನ ಕತ್ತಿಯ ಮೊನೆ ಬೋಳನ ಗಂಟಲಿನ ಹತ್ತಿರ. ನಮ್ಮವರು ಮಿರ್ಚಿ ಬಿಟ್ಟು ಕಾಗದ ಹಿಡಿದು ಕೂತರು. ಮರುದಿನ ಬೆಳಗಿನ ಬಸ್ಸಿಗೇ ಹೋಗಿ, ಮಿರ್ಚಿಯವನ ಹತ್ತಿರ ಕಲ್ಲಿನ ಕೆಳಗೆ ಉಳಿದಿದ್ದ ಅಷ್ಟೂ ಹಾಳೆ ತಂದರು. ಅರ್ಧ ಪುಸ್ತಕ ಅದಾಗಲೇ ಊರವರ ಹೊಟ್ಟೆ ಸೇರಿತ್ತು.

ಅಕ್ಷರ ಇಂಗ್ಲಿಷೋ ಮತ್ತೊಂದೋ, ನಮಗೆ ತಿಳಿಯಲಿಲ್ಲ. ಚಿತ್ರ ತಿಳಿಯಿತು. ನಮ್ಮ ಕಡೆ ಕೋಲು ಬೀಸುತ್ತಾರೆ. ಇವರು ಮೊನೆಯನ್ನು ಮುಂದಿಟ್ಟು, ಮೊಣಕಾಲು ಬಗ್ಗಿಸಿ ನುಗ್ಗುತ್ತಾರೆ. "ಇದನ್ನ ಕಲ್ತ್ರ ವಸ್ತಾದರs ಬೆರಗಾಗಬೇಕು" ಅಂದರು. ಸರಿ, ಕಲಿಯಲಿ. ಆದರೆ ಚಿತ್ರದಲ್ಲಿ ಇಬ್ಬರಿದ್ದಾರೆ. ಗರಡಿಯವರನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ಅತ್ತೆಗೆ ಸೊಂಟನೋವು. ಉಳಿದವಳು ನಾನು.

"ಬಾ ಇಲ್ಲಿ. ಈ ಕೋಲು ಹಿಡಕೊಂಡು ಸುಮ್ನ ನಿಂದ್ರು."

ಸುಮ್ಮನೆ ನಿಲ್ಲುವುದು ಮೊದಲ ದಿನಕ್ಕೆ ಮುಗಿಯಿತು. ಅವರು ಟೋಪಿಯವನು, ನಾನು ಬೋಳ. ನಮ್ಮ ಹತ್ತಿರ ಇದ್ದ ಎಲ್ಲ ಹಾಳೆಯಲ್ಲೂ ಹೊಡೆಯುವವನು ಟೋಪಿಯವನೇ. ಬೋಳನದು ತಡೆಯುವ ಕೆಲಸ. ಅವನ ಕೈ ಎಲ್ಲಿದೆಯೋ ಅಲ್ಲಿ ನನ್ನ ಕೈ ಇಲ್ಲದಿದ್ದರೆ ಕೋಲು ನನ್ನ ಮೈಮೇಲೆ. ಹಾಗಾಗಿ ಆ ಬೋಳನ ಕೈ, ಭುಜ, ಹಿಮ್ಮಡಿಯನ್ನು ನೋಡಿದಷ್ಟು ನಾನು ಕಟ್ಟಿಕೊಂಡ ಗಂಡನನ್ನೂ ನೋಡಿರಲಿಕ್ಕಿಲ್ಲ. ಮಿಲ್ಲಿನ ಕರೆಂಟು ಹೋದಾಗಲೆಲ್ಲ ಇವರು ಮನೆಗೆ ಓಡಿಬರುವರು. ಸೀರೆಯ ಕಚ್ಚೆ ಹಾಕಿಕೊಂಡು ನಾನು ಹಿತ್ತಲಿಗೆ ಇಳಿಯುತ್ತಿದ್ದೆ. ಕೋಲಿನ ತುದಿಗೆ ಬಡಿಸಿದ್ದ ಕಬ್ಬಿಣದ ಬಳೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚುವುದೂ ನನ್ನ ಪಾಲಿಗೇ. ಖಾರ ಕುಟ್ಟುವುದಕ್ಕಿಂತ ಈ ಕೆಲಸ ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ.

ಓಣಿಗೆ ಕೇಳಿಸುತ್ತಿದ್ದುದು ಟಕಟಕ ಸದ್ದು, ನಡುವೆ ನನ್ನ "ಅಯ್ಯವ್ವಾ". ಎದುರುಮನೆ ಶಿವಗಂಗಮ್ಮ ಒಂದು ದಿನ ಬಟ್ಟಲಲ್ಲಿ ಅರಿಶಿನ ಅರೆದು ತಂದಳು.

"ದಿನಾ ಹೊಡಿತಾನೇನಬೇ?"

"ಹೊಡಿತಾರ. ಆದ್ರ ಬೀಳಂಗಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅರಿಶಿನ ವಾಪಸ್ಸು ಕೊಡುವುದು ಸರಿಯಲ್ಲ ಅಂತ ಅತ್ತೆ ಅದನ್ನು ಸಾರಿಗೆ ಹಾಕಿದರು.

ಒಂದು ವರ್ಷ ಹೀಗೇ ನಡೆಯಿತು. ಆಯುಧಪೂಜೆಯ ದಿನ ವಸ್ತಾದರು ಗರಡಿಯಲ್ಲಿ ಇವರನ್ನು ಎದುರಿಗೆ ಕರೆದರು. ಗರಡಿಯೊಳಗೆ ಹೆಂಗಸರು ಹೋಗುವಂತಿಲ್ಲ. ಎದುರಿಗಿದ್ದ ಹಿಟ್ಟಿನ ಗಿರಣಿಗೆ ಅವತ್ತು ಪೂಜೆ. ಪ್ರಸಾದದ ನೆಪ ಮಾಡಿ ನಾನು ಅದರ ಕಟ್ಟೆಯ ಮೇಲೆ ನಿಂತೆ. ಗರಡಿಯ ಬಾಗಿಲು ತೆರೆದಿತ್ತು. ಇವರು ಮೊಣಕಾಲು ಬಗ್ಗಿಸಿ ಸರ್ರನೆ ನುಗ್ಗಿದರು. ವಸ್ತಾದರು ಎರಡು ಹೆಜ್ಜೆ ಹಿಂದೆ ಸರಿದರು, ಮುಖದಲ್ಲಿ ನಗು. ಆಮೇಲೆ ಆ ಮುದುಕ ನಿಧಾನವಾಗಿ, ಮಕ್ಕಳಿಗೆ ಮೊದಲು ಕಲಿಸುವ ಒಂದು ಏಟನ್ನು ಭುಜಕ್ಕೆ ಬಿಟ್ಟರು. ಬಿತ್ತು. ಇನ್ನೊಂದು ಬಿಟ್ಟರು. ಅದೂ ಬಿತ್ತು. ವರ್ಷಪೂರ್ತಿ ಹೊಡೆದ ಕೈಗೆ ಹಳೇ ತಡೆ ಮರೆತಿತ್ತು. ಹೊಸ ತಡೆಯೆಲ್ಲ ನನ್ನ ಕೈಯಲ್ಲಿತ್ತು.

"ಲೇ, ಹೊಡೆಯೋದು ಚಲೋ ಕಲ್ತಿ" ಅಂದರು ವಸ್ತಾದರು. "ತಡೆಯೋದನ್ನ ಯಾರ ಹತ್ರ ಬಿಟ್ಟು ಬಂದಿ?"

ದೀಪಾವಳಿ ಅಮಾವಾಸ್ಯೆಯವರೆಗೆ ಟೈಮು ಕೊಟ್ಟೀನಿ, ಆಗಲೂ ಆಗದಿದ್ದರೆ ಕೋಲು ಕುರುಗೋಡಿನ ಇನ್ನೊಬ್ಬ ಶಿಷ್ಯನಿಗೆ ಅಂತ ವಸ್ತಾದರು ಎಲ್ಲರ ಎದುರು ಹೇಳಿಬಿಟ್ಟರು.

ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಕೂತ ಮನುಷ್ಯನಿಗೆ ನಾನು ಅಂದೆ: "ಏಳ್ರಿ. ಇವತ್ತಿಂದ ನಾನು ಟೋಪಿ, ನೀವು ಬೋಳ."

"ನಾ ಬೋಳ ಆಗಂಗಿಲ್ಲ."

"ಯಾಕ?"

"ಹೆಂಡ್ತಿ ಕೈಯಾಗ ಹೊಡಿಸಿಕೊಂಡ್ರ ಮಂದಿ ಏನಂತಾರ?"

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ವರ್ಷಗಟ್ಟಲೆ ಆಕಿ ನಿಂತಾಳಲ್ಲೋ, ಆಕೀಗೇನು ಮಂದಿ ಇರಲಿಲ್ಲೇನು? ಏಳು. ಇಲ್ಲಾಂದ್ರ ಆ ಕಾಗದ ಒಲಿಗೆ ಹಾಕ್ತೀನಿ, ಸುಮ್ನ ಮಿಲ್ಲಿಗೆ ಹೋಗು."

ಎದ್ದರು. ಮೊದಲ ವಾರ ನಾನು ಬಿಟ್ಟ ಏಟೆಲ್ಲ ಬಿದ್ದವು. ನನಗೂ ಹೊಡೆಯಲು ಬರುತ್ತಿರಲಿಲ್ಲ, ಹಾಗಾಗಿ ಎಲ್ಲೆಂದರಲ್ಲಿ ಬಿದ್ದವು. ಬಿದ್ದಾಗೊಮ್ಮೆ ನಾನು ಅವರ ಮೊಣಕೈ ಹಿಡಿದು, ಬೋಳ ಇಟ್ಟಲ್ಲಿ ಇಟ್ಟು ತೋರಿಸುವೆ. ಅವರು ಹಲ್ಲು ಕಚ್ಚುವರು. ಶಿವಗಂಗಮ್ಮನಿಗೆ ಈಗ ಗಂಡಸಿನ ದನಿಯ "ಅಯ್ಯವ್ವಾ" ಕೇಳಿಸತೊಡಗಿತು. ಅವಳು ಅರಿಶಿನ ತರಲಿಲ್ಲ. ಎರಡನೇ ವಾರಕ್ಕೆ ಏಟು ಕಡಿಮೆಯಾದವು. ಅಮಾವಾಸ್ಯೆಯ ಹಿಂದಿನ ದಿನ ನಾನು ಬೆವರಿಳಿಯುವ ತನಕ ಹೊಡೆದೆ, ಒಂದೂ ಬೀಳಲಿಲ್ಲ. ಆಗ ಆ ಮನುಷ್ಯ ನಕ್ಕರಲ್ಲ, ಆ ನಗುವಿಗೆ ಇನ್ನೂ ನಾಕು ಬಿಡಬೇಕು ಅನಿಸಿತು.

ಅಮಾವಾಸ್ಯೆಯ ದಿನ ಮತ್ತೆ ಅದೇ ಕಟ್ಟೆ. ಈ ಸಲ ನೆಪವಿರಲಿಲ್ಲ, ಸುಮ್ಮನೆ ನಿಂತೆ. ವಸ್ತಾದರು ಮೇಲಿಂದ, ಕೆಳಗಿಂದ, ಬಗಲಿಂದ ಹೊಡೆದರು. ಎಲ್ಲವೂ ಕೋಲಿಗೇ ಬಡಿದವು. ಕೊನೆಗೆ ವಸ್ತಾದರೇ ನಿಂತು ಉಸಿರು ತಗೊಂಡರು. ಬರಿಮೈಯಲ್ಲಿದ್ದ ಇವರ ಬೆನ್ನು, ತೋಳಿನ ಮೇಲಿನ ಕರಿ ಬಾಸುಂಡೆಗಳನ್ನು ಬೆರಳಿಂದ ಮುಟ್ಟಿ ನೋಡಿದರು.

"ಯಾರು ಕಲಿಸಿದ್ರು?"

"ಮನ್ಯಾಗ."

"ಮನ್ಯಾಗ ಯಾರು?"

ಇವರು ಹೇಳುವುದಿಲ್ಲ ಅಂತ ನಾನು ಕಟ್ಟೆಯಿಂದ ಇಳಿಯತೊಡಗಿದ್ದೆ. ಆ ಗಂಡಸಿನ ಗುಣ ನನಗೆ ಗೊತ್ತು.

"ನನ್ನ ಹೆಂಡ್ತಿ" ಅಂದರು. ಸಣ್ಣಗಲ್ಲ, ಗಿರಣಿಯ ತನಕ ಕೇಳುವಂತೆ.

ಹಮಾಲರು, ಹೋಟೆಲಿನವರು, ಮೀಸೆ ಹೊತ್ತ ಹತ್ತು ಹದಿನೈದು ಗಂಡಸರು ಬಿದ್ದು ಬಿದ್ದು ನಕ್ಕರು. ವಸ್ತಾದರು ನಗಲಿಲ್ಲ. ತಮ್ಮ ಕೋಲನ್ನು ಇವರ ಕೈಗೆ ಕೊಟ್ಟು, ನಗುವವರ ಕಡೆ ತಿರುಗಿದರು. "ನಕ್ಕೋರು ಒಬ್ಬೊಬ್ಬರs ಹೋಗ್ರಿ. ಆಕಿ ಕೈಯಾಗ ಹೊಡಿಸಿಕೊಂಡು ಬರ್ರಿ. ಆಮ್ಯಾಲೆ ಗರಡಿಗೆ ಬರ್ರಿ."

ಬಂದರು, ಮತ್ತೇನು. ಮೊದಲು ನಾಚಿಕೊಂಡು, ಆಮೇಲೆ ನಾಚಿಕೆ ಬಿಟ್ಟು. ಅತ್ತೆ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, "ಚಲೋ ಹೊಡಿತಾಳ, ಹೆದರಬ್ಯಾಡ್ರಿ" ಅನ್ನುತ್ತಿದ್ದರು. ಹತ್ತು ಹನ್ನೆರಡು ವರ್ಷ ಇವರು ವಸ್ತಾದರಾಗಿದ್ದರು. ಗರಡಿಯ ಹೊಸ್ತಿಲು ನಾನು ದಾಟಲೇ ಇಲ್ಲ. ದಾಟಬೇಕು ಅಂತಲೂ ಅನಿಸಲಿಲ್ಲ, ಒಳಗೆ ಬೆವರು ನಾತ. ಹಾಳೆಗಳನ್ನು ಗೆದ್ದಲು ತಿಂದವು. ಇವರು ಹೋಗಿಯೂ ಬಹಳ ವರ್ಷವಾಯಿತು. ನಾನು ಮಗನ ಜೊತೆ ಬಳ್ಳಾರಿಗೆ ಬಂದು, ಫ್ಯಾನಿನ ಕೆಳಗೆ ಕೂತು, ಚೆನ್ನಾಗಿಯೇ ಇದ್ದೇನೆ.

ನಿನ್ನೆ ಸಂಜೆ ಒಣಹಾಕಿದ ಸಂಡಿಗೆ ತರಲು ಮಾಳಿಗೆ ಹತ್ತಿದೆ. ವಾಣಿ ಒಬ್ಬಳೇ ಗಾಳಿಗೆ ಕತ್ತಿ ಬೀಸುತ್ತಿದ್ದಳು.

"ನಿನಗ ಹೊಡಿಯೋರು ಯಾರಬೇ?"

"ಯಾರೂ ಇಲ್ಲಜ್ಜಿ. ಹೊಸಪೇಟ್ಯಾಗ ಒಬ್ಬಾಕಿ ಅದಾಳ, ತಿಂಗಳಿಗೊಮ್ಮೆ ಬರ್ತಾಳ."

ಗಾಳಿಗೆ ಹೊಡೆದರೆ ಗಾಳಿ ಏನು ಕಲಿಸುತ್ತದೆ? ಸಂಡಿಗೆ ಕಾಯಲು ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ; ನಿಲ್ಲಲು ಮೊಣಕಾಲು ಒಪ್ಪುವುದಿಲ್ಲ. ಕಾಗೆ ಓಡಿಸುವ ಬಿದಿರನ್ನು ಕೈಗೆ ತಗೊಂಡೆ. "ಆ ಕಬ್ಬಿಣ ಇಡು. ಪೊರಕಿ ಕೋಲು ತಗೋ. ಹೊಡಿ."

"ಅಜ್ಜಿ, ಪೆಟ್ಟಾಕ್ಕೈತಿ!"

"ಹೊಡಿ ಅಂದೆ."

ಮುದುಕಿಗೆ ಹೊಡೆಯುವ ಹಾಗೆ ಮೆಲ್ಲಗೆ ಹೊಡೆದಳು. ತಳ್ಳಿದೆ. ಸ್ವಲ್ಪ ಜೋರು ಹೊಡೆದಳು. ಅದನ್ನೂ ತಳ್ಳಿದೆ. ಆಮೇಲೆ ಅವಳ ಕಣ್ಣು ಬೇರೆಯಾಯಿತು. ಅಜ್ಜಿಯನ್ನು ಬಿಟ್ಟು ಕೋಲನ್ನು ನೋಡತೊಡಗಿದಳು. ಎಂಟೋ ಒಂಬತ್ತೋ ತಡೆದೆ. ಒಂದು ನೇರ ನನ್ನ ಬೆರಳಿಗೆ ಬಿತ್ತು.

ಈಗ ಇದನ್ನು ಬರೆಯುವಾಗ ಹೆಬ್ಬೆರಳು ಬದನೆಕಾಯಿ ಹಾಗೆ ಊದಿದೆ, ಪೆನ್ನು ನೆಟ್ಟಗೆ ನಿಲ್ಲುತ್ತಿಲ್ಲ. ಮಗ ಇಬ್ಬರಿಗೂ ಬೈದು ಹೋದ. ತಡೆಯುವಾಗ ಹೆಬ್ಬೆರಳನ್ನು ಒಳಗೆ ಮಡಚಿಕೊಳ್ಳಬೇಕು. ಅಷ್ಟು ವರ್ಷದಲ್ಲಿ ನಾನು ಮರೆತಿದ್ದು ಅದೊಂದೇ.