ಪ್ಲೀಸ್ ಪುಟ್ ಲೈನ್, ಸರ್

ಸ್ನೇಹಿತರೇ, ಸೂಲಿಬೆಲೆಯ ಕರೆಂಟ್ ಆಫೀಸಿನಲ್ಲಿ ಇಂದು ನನ್ನ ಇಂಗ್ಲಿಷೇ ನನ್ನ ಮಾನ ಕಳೆಯಿತು. ಮನೆಗೆ ವೈರಿಂಗ್ ಮಾಡಿಸಿ ಒಂದು ಮಳೆಗಾಲ ಕಳೆದರೂ ಕಂಬದಿಂದ ತಂತಿ ಎಳೆದಿರಲಿಲ್ಲ. ನನ್ನವಳು ಹೋದಮೇಲೆ ಮನೆಯಲ್ಲಿ ನಾನೂ ಮಗಳೂ ಇಬ್ಬರೇ. ಶಾಲೆಯಲ್ಲಿ ಪಾಠ ಹೇಳುವ ಅವಳು ಲಾಟೀನಿನ ಮುಂದೆ ಮಕ್ಕಳ ಪೇಪರು ತಿದ್ದಿ ತಿದ್ದಿ ಕಣ್ಣು ಕೆಡಿಸಿಕೊಳ್ಳುತ್ತಿದ್ದಾಳೆ. ಕನ್ನಡದಲ್ಲಿ ಕೇಳಿ ಕೇಳಿ ನನಗೂ ಸಾಕಾಗಿತ್ತು. ಬೆಂಗಳೂರಿನಿಂದ ಹೊಸ ಇಂಜಿನಿಯರ್ ಬಂದಿದ್ದಾನೆ, ಇನ್ನೂ ಹುಡುಗ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇಂಟರ್‌ಮೀಡಿಯಟ್‌ನಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ಕೇಳಿದೆ:

“ಸರ್, ಪ್ಲೀಸ್ ಪುಟ್ ಲೈನ್ ಟು ಮೈ ಡಾಟರ್. ಶಿ ಈಸ್ ವೇಟಿಂಗ್.”

ಹುಡುಗನ ಕಿವಿ ಕೆಂಪಾಯಿತು. ಗುಮಾಸ್ತ ಮೇಜಿಗೆ ತಲೆಯಿಟ್ಟು ನಕ್ಕ.

“ಅಪ್ಪಾ, ಕನ್ನಡದಲ್ಲಿ ಹೇಳ್ಬಾರ್ದಾ!” ಎಂದು ಮಗಳು ಹೊರಗೆ ಹೊರಟೇ ಹೋದಳು.

‘ಫಾರ್’ ಎನ್ನುವ ಕಡೆ ‘ಟು’ ಬಿತ್ತೇನೋ ಎಂದುಕೊಂಡೆ. ಗುಮಾಸ್ತನೇ ಬಿಡಿಸಿ ಹೇಳಿದ: “ಯಜಮಾನ್ರೇ, ಬೆಂಗ್ಳೂರ್ ಹುಡುಗ್ರ ಇಂಗ್ಲಿಷ್‌ನಲ್ಲಿ ಲೈನ್ ಹಾಕೋದು ಅಂದ್ರೆ ಹುಡುಗೀರ ಹಿಂದೆ ಬಿದ್ದು ಮಾತಾಡ್ಸೋದು ಕಣ್ರೀ. ಅದ್ನ ಅಪ್ಪನೇ ಬಂದು ಕೇಳ್ಕೊಳ್ಳೋದಾ?”

ನಮ್ಮ ಕಾಲೇಜಿನಲ್ಲಿ ಅದಕ್ಕೆ ಕೋರ್ಟ್‌ಶಿಪ್ ಎಂಬ ಮಾತಿತ್ತು. ವಕೀಲರ ವಿಷಯವಿರಬೇಕೆಂದು ನಾನು ಆ ಪಾಠವನ್ನೇ ಬಿಟ್ಟಿದ್ದೆ.

ಸಂಜೆಗೇ ಲೈನ್‌ಮನ್ ಬಂದು ತಂತಿ ಎಳೆದ. ಆಫೀಸನ್ನೆಲ್ಲ ನಗಿಸಿದ್ದಕ್ಕೆ ಸಿಕ್ಕ ಕೂಲಿ ಇರಬೇಕು. ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಎಷ್ಟು ಸಿಟ್ಟಾಗಿದ್ದಾಳೆ ಎಂಬುದು ಈಗ ಬಲ್ಬಿನ ಬೆಳಕಿನಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತಿದೆ.